ಮೀಟರ್ ಏರುತ್ತಿಲ್ಲ, ಸಿಲಿಂಡರ್ ಮಾತ್ರ ಖಾಲಿ: ಗ್ರೋ ರೂಮಿನ ಸಿಓಟು ದೋಷ ಹುಡುಕುವ ಬಗೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಕೋಣೆಯೊಳಗೆ ಎಲ್‌ಇಡಿ ಹಾಕಿ, ಗಿಡ ಬೇಗ ಬೆಳೆಯಲಿ ಅಂತ ಸಿಲಿಂಡರಿನಿಂದ ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬಿಟ್ಟು ಲೆಟ್ಯೂಸ್, ಬೇಸಿಲ್, ಸ್ಟ್ರಾಬೆರಿ ಬೆಳೆಯುವವರು ಫೋನ್ ಮಾಡಿದರೆ ದೂರು ಮೂರೇ ಥರ. "ಗ್ಯಾಸ್ ಬಿಡ್ತಾನೇ ಇದೀವಿ ಅಣ್ಣಾ, ಮೀಟರ್ ಮೇಲೇಳ್ತಿಲ್ಲ." "ಸಿಲಿಂಡರ್ ವಾರಕ್ಕೇ ಖಾಲಿ ಆಗ್ತಿದೆ." "ಮೀಟರ್ ಸಾವಿರ ತೋರಿಸ್ತಿದೆ, ಗಿಡ ಮಾತ್ರ ಹಾಗೇ ಇದೆ." ಮೂರಕ್ಕೂ ಎಲ್ಲರೂ ಮೊದಲು ಕೈ ಹಾಕುವುದು ರೆಗ್ಯುಲೇಟರಿಗೆ. ಅದನ್ನು ಬಿಚ್ಚಿ, ಇದನ್ನು ತಿರುಗಿಸಿ, ಚೆನ್ನಾಗಿದ್ದ ವಾಷರ್ ಹಾಳು ಮಾಡಿ, ಒಂದಿದ್ದ ದೋಷವನ್ನು ಎರಡು ಮಾಡಿಕೊಳ್ಳುತ್ತಾರೆ.

ಸ್ಪ್ಯಾನರ್ ಮುಟ್ಟುವ ಮೊದಲು ಎರಡು ಕೆಲಸ ಮಾಡಿ. ಸಿಲಿಂಡರನ್ನು ತೂಕ ಹಾಕಿ. ಸೆನ್ಸರನ್ನು ಹೊರಗಿನ ಗಾಳಿಗೆ ಒಯ್ಯಿರಿ. ತೂಕ ಸುಳ್ಳು ಹೇಳುವುದಿಲ್ಲ. ಮೀಟರ್ ಸುಳ್ಳು ಹೇಳುತ್ತದೆ, ಸಮುದ್ರಮಟ್ಟಕ್ಕಿಂತ ಮೇಲಿರುವ ನಮ್ಮ ಕಡೆಯಂತೂ ಇನ್ನೂ ಜಾಸ್ತಿ ಸುಳ್ಳು.

ಇಲ್ಲಿ ನಾನು ಲೆಕ್ಕಕ್ಕೆ ಹಿಡಿದಿರುವುದು 10 ಅಡಿ ಅಗಲ, 12 ಅಡಿ ಉದ್ದ, 9 ಅಡಿ ಎತ್ತರದ ಕೋಣೆ. ಅಂದರೆ ಸುಮಾರು 30 ಘನ ಮೀಟರ್ ಗಾಳಿ. ಸಾಮಾನು ಇಷ್ಟು: 30 ಕೆಜಿ ಗ್ಯಾಸ್ ಹಿಡಿಯುವ ಸಿಲಿಂಡರ್, ಫ್ಲೋ ಮೀಟರ್ ಇರುವ ರೆಗ್ಯುಲೇಟರ್, ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ಪೈಪು, ಸೆನ್ಸರ್, ಅದರ ಅಂಕಿ ನೋಡಿ ಆ ವಾಲ್ವ್ ತೆರೆದು ಮುಚ್ಚುವ ಕಂಟ್ರೋಲರ್.

ಮೊದಲು ಜೀವ

ಈ ಗ್ಯಾಸಿಗೆ ಅಡುಗೆ ಗ್ಯಾಸಿನ ಹಾಗೆ ವಾಸನೆ ಬೆರೆಸಿರುವುದಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಹತ್ತಿರ ಕೂರುತ್ತದೆ. 30 ಕೆಜಿ ಪೂರ್ತಿ ಸೋರಿದರೆ ನಮ್ಮ ಎತ್ತರದಲ್ಲಿ ಸುಮಾರು 18 ಘನ ಮೀಟರ್ ಆಗುತ್ತದೆ. ಕೋಣೆ ಇರುವುದೇ 30. ಈ ಒಂದು ಲೆಕ್ಕ ಸಾಕು, ಸಿಲಿಂಡರ್ ಯಾಕೆ ಕೋಣೆಯ ಒಳಗೆ ಇರಬಾರದು ಅನ್ನುವುದಕ್ಕೆ. ಹೊರಗೆ, ನೆರಳಿನಲ್ಲಿ, ಗೋಡೆಗೆ ಚೈನ್ ಕಟ್ಟಿ ನಿಲ್ಲಿಸಿ. ಒಳಕ್ಕೆ ಪೈಪು ಮಾತ್ರ ಬರಲಿ. ಮಲಗುವ ಕೋಣೆಗೆ ಅಂಟಿಕೊಂಡ ಜಾಗ ಬೇಡವೇ ಬೇಡ.

ಕೆಲಸದ ಜಾಗದಲ್ಲಿ 8 ಗಂಟೆಯ ಸರಾಸರಿಗೆ ಒಪ್ಪಿತ ಮಿತಿ 5000 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 5000 ಭಾಗ. 40,000 ಪಿಪಿಎಂ ಅಂದರೆ ಜೀವಕ್ಕೆ ಅಪಾಯ. ದೋಷ ಹುಡುಕುವಾಗ ಮೇನ್ ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ಒಳಗೆ ಹೋಗಿ. ತಲೆನೋವು, ಏದುಸಿರು, ಮಂಪರು ಬಂದರೆ ತಕ್ಷಣ ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಉಸಿರು ಬಿಗಿಹಿಡಿದು ನುಗ್ಗಬೇಡಿ. ಹಾಗೆ ನುಗ್ಗಿದವರೂ ಅಲ್ಲೇ ಬೀಳುತ್ತಾರೆ. ಹೊರಗಿನಿಂದಲೇ ಗ್ಯಾಸ್ ನಿಲ್ಲಿಸಿ, ಬಾಗಿಲು ಕಿಟಕಿ ತೆಗೆದು, 112ಕ್ಕೆ ಫೋನ್ ಮಾಡಿ. ಗಿಡಕ್ಕೆ ಇಟ್ಟ ಸೆನ್ಸರ್ ಸಾಲದು. ಜನರಿಗೆ ಅಂತ ಬೇರೆಯೇ ಒಂದು ಅಲಾರಂ ಇರಬೇಕು, ತಗ್ಗಿನಲ್ಲಿ, ನೆಲಕ್ಕೆ ಹತ್ತಿರವಾಗಿ.

ಎಷ್ಟು ಗ್ಯಾಸ್ ಬೇಕು ಅನ್ನುವ ಲೆಕ್ಕ

ಈ ಲೆಕ್ಕ ಇಲ್ಲದೆ ಹುಡುಕಲು ಹೊರಟರೆ ಸುಮ್ನೆ ಕತ್ತಲಲ್ಲಿ ತಡಕಾಡಿದ ಹಾಗೆ. ಈಗ ಹೊರಗಿನ ಗಾಳಿಯಲ್ಲಿ ಸಿಓಟು ಸುಮಾರು 425 ಪಿಪಿಎಂ ಇದೆ. ನಮ್ಮ 30 ಘನ ಮೀಟರ್ ಕೋಣೆಯನ್ನು ಅಲ್ಲಿಂದ 1000ಕ್ಕೆ ಏರಿಸಲು ಬೇಕಾಗುವುದು ಬರೀ 17–18 ಲೀಟರ್ ಗ್ಯಾಸ್. ತೂಕದಲ್ಲಿ 30 ಗ್ರಾಂ ಒಳಗೆ. ಫ್ಲೋ ಮೀಟರ್ ನಿಮಿಷಕ್ಕೆ 5 ಲೀಟರ್‌ಗೆ ಇಟ್ಟರೆ ಮೂರೂವರೆ ನಿಮಿಷದ ಕೆಲಸ. ಹತ್ತು ನಿಮಿಷ ಬಿಟ್ಟರೂ ಏರಲಿಲ್ಲ ಅಂದರೆ ಗ್ಯಾಸ್ ಒಳಗೆ ಬರುತ್ತಿಲ್ಲ, ಅಥವಾ ಬಂದದ್ದು ನಿಲ್ಲುತ್ತಿಲ್ಲ, ಅಥವಾ ಮೀಟರ್ ನೋಡುತ್ತಿಲ್ಲ. ನಾಲ್ಕನೆಯದು ಇಲ್ಲ.

ಸಿಲಿಂಡರ್ ಎಷ್ಟು ದಿನ ಬರಬೇಕು? ಕೋಣೆಯ ಗಾಳಿ ಗಂಟೆಗೆ ಒಂದು ಸಲ ಪೂರ್ತಿ ಬದಲಾಗುವಷ್ಟು ಸಂದುಗಳಿವೆ ಅಂದುಕೊಳ್ಳಿ. ಗಂಟೆಗೆ 30 ಗ್ರಾಂ ಹತ್ತಿರ ಹೋಗುತ್ತದೆ. ದಿನಕ್ಕೆ 14 ಗಂಟೆ ಲೈಟು ಉರಿದರೆ 400 ಗ್ರಾಂ. ಗಿಡ ಕುಡಿಯುವುದು ಅದರ ಮೇಲೆ. ಅಂದರೂ 30 ಕೆಜಿ ಸಿಲಿಂಡರ್ ಎರಡು ತಿಂಗಳ ಆಸುಪಾಸು ಬರಬೇಕು. ಅದೇ ಎಕ್ಸಾಸ್ಟ್ ಓಡುತ್ತಾ ಗಂಟೆಗೆ ಹತ್ತು ಸಲ ಗಾಳಿ ಬದಲಾದರೆ ದಿನಕ್ಕೆ 4 ಕೆಜಿ. ವಾರಕ್ಕೆ ಖಾಲಿ. "ವಾರಕ್ಕೇ ಖಾಲಿ" ಅನ್ನುವವರಲ್ಲಿ ಹೆಚ್ಚಿನವರ ಕಥೆ ಇದು.

ಇನ್ನೊಂದು ವಿಚಾರ. ಹಗುರ ಕೆಲಸ ಮಾಡುವ ಒಬ್ಬ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 18 ಲೀಟರ್ ಸಿಓಟು ಉಸಿರಿನಲ್ಲಿ ಬಿಡುತ್ತಾನೆ. ಅಂದರೆ ಸೊಪ್ಪು ಕೊಯ್ಯಲು ಒಬ್ಬರು ಒಂದು ಗಂಟೆ ಒಳಗೆ ಕೂತರೆ ಮುಚ್ಚಿದ ಕೋಣೆ ತಾನಾಗಿ ಸಾವಿರದ ಹತ್ತಿರ ಹೋಗುತ್ತದೆ. ಮಧ್ಯಾಹ್ನ ಮಾತ್ರ ಮೀಟರ್ ಏರುತ್ತದೆ, ಆಮೇಲೆ ಇಳಿಯುತ್ತದೆ ಅನ್ನುವ "ದೋಷ"ಕ್ಕೆ ಕಾರಣ ಕೊಯ್ಯುವವರೇ ಇರಬಹುದು.

ಸೆನ್ಸರ್: ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತದೆ

ಮೊದಲು ನಿಮ್ಮ ಹತ್ತಿರ ಇರುವುದು ನಿಜವಾದ ಸಿಓಟು ಸೆನ್ಸರಾ ಅಂತ ಖಾತ್ರಿ ಮಾಡಿಕೊಳ್ಳಿ. ಅಗ್ಗದ ಕೆಲವು ಮೀಟರ್‌ಗಳು ಸಿಓಟು ಅಳೆಯುವುದೇ ಇಲ್ಲ. ಗಾಳಿಯಲ್ಲಿರುವ ಬೇರೆ ಆವಿಗಳನ್ನು ನೋಡಿ "ಇಷ್ಟಿರಬಹುದು" ಅಂತ ಒಂದು ಅಂಕಿ ಊಹಿಸುತ್ತವೆ. ಡಬ್ಬಿಯ ಮೇಲೆ ಇಸಿಓಟು ಅಂತಲೋ ಟಿವಿಓಸಿ ಅಂತಲೋ ಬರೆದಿದ್ದರೆ ಅನುಮಾನ ಪಡಿ. ಪರೀಕ್ಷೆ ಸುಲಭ. ಹತ್ತಿಗೆ ನಾಲ್ಕು ಹನಿ ಸ್ಯಾನಿಟೈಜರ್ ಹಾಕಿ ಮೀಟರಿನ ಹತ್ತಿರ ಹಿಡಿಯಿರಿ. ಅಂಕಿ ಧಡಕ್ಕನೆ ಸಾವಿರಗಟ್ಟಲೆ ಏರಿತೇ? ಅದು ಊಹೆಯ ಮೀಟರ್. ಎತ್ತಿಡಿ. ನಿಮಗೆ ಬೇಕಾದದ್ದು ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ, ಎನ್‌ಡಿಐಆರ್ ಅನ್ನುವ ಬಗೆಯ ಸೆನ್ಸರ್. ಹಳೇ ರೇಷ್ಮೆ ಹುಳು ಮನೆಯನ್ನು ಗ್ರೋ ರೂಮ್ ಮಾಡಿಕೊಂಡವರಿಗೆ ಇದು ಇನ್ನೂ ಮುಖ್ಯ. ಹುಳು ಮನೆಗೆ ಫಾರ್ಮಾಲಿನ್ ಹೊಡೆದ ವಾಸನೆ ಉಳಿದಿದ್ದರೂ ಊಹೆಯ ಮೀಟರ್ ಅದನ್ನೇ ಸಿಓಟು ಅಂದುಕೊಳ್ಳುತ್ತದೆ.

ಆಮೇಲೆ ಎತ್ತರ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಸಮುದ್ರಮಟ್ಟದಿಂದ 800–900 ಮೀಟರ್ ಮೇಲಿವೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ನೂರಕ್ಕೆ 10 ಕಡಿಮೆ. ಎನ್‌ಡಿಐಆರ್ ಸೆನ್ಸರ್ ನಿಜವಾಗಿ ಎಣಿಸುವುದು ತನ್ನ ಎದುರು ಇರುವ ಅಣುಗಳನ್ನು. ಒತ್ತಡ ಕಡಿಮೆಯಾದರೆ ಅಣು ಕಡಿಮೆ, ಅಂಕಿಯೂ ಕಡಿಮೆ. ಕಾರ್ಖಾನೆಯ ಸೆಟ್ಟಿಂಗಿನಲ್ಲೇ ಬಿಟ್ಟ ಸೆನ್ಸರ್ ನಮ್ಮಲ್ಲಿ ನೂರಕ್ಕೆ 10–15ರಷ್ಟು ಕಡಿಮೆ ತೋರಿಸುತ್ತದೆ. ಹೊರಗೆ 425 ಇರುವ ಕಡೆ 370 ಅಂತ ತೋರಿಸಿದರೆ ಗಾಬರಿಯಾಗಿ ಬದಲಾಯಿಸಬೇಡಿ. ಎತ್ತರ ತುಂಬುವ ಆಯ್ಕೆ ಮೆನುವಿನಲ್ಲಿ ಇದ್ದರೆ 900 ಅಂತ ತುಂಬಿ. ಇಲ್ಲದಿದ್ದರೆ ಹೊರಗಿನ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿ (ಅಂದರೆ ಅಂಕಿಯನ್ನು ಹೊರಗಿನ ಗಾಳಿಗೆ ಸರಿಹೊಂದಿಸಿ), ಬಹುಪಾಲು ಸರಿಹೋಗುತ್ತದೆ. (ಗಿಡಕ್ಕೂ ಲೆಕ್ಕ ಅಣುಗಳದ್ದೇ, ಹಾಗಾಗಿ ಈ ತಪ್ಪಿನಿಂದ ಬೆಳೆ ಹಾಳಾಗುವುದಿಲ್ಲ. ದೋಷ ಹುಡುಕುವವರ ತಲೆ ಕೆಡುತ್ತದೆ, ಅಷ್ಟೇ.)

ಕ್ಯಾಲಿಬ್ರೇಟ್ ಮಾಡುವ ಹೊತ್ತೂ ಮುಖ್ಯ. ಬೆಳಗಿನ ಜಾವ ಬೇಡ. ರಾತ್ರಿಯೆಲ್ಲ ಗಿಡ, ಮಣ್ಣು, ತಿಪ್ಪೆ ಎಲ್ಲವೂ ಬಿಟ್ಟ ಸಿಓಟು ಗಾಳಿ ಅಲುಗಾಡದೆ ನೆಲಕ್ಕೆ ಅಂಟಿಕೊಂಡಿರುತ್ತದೆ. ತೋಟದ ನಡುವೆ ಆ ಹೊತ್ತಿಗೆ 425 ಇರುವುದಿಲ್ಲ, ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಬಿಸಿಲೇರಿದ ಮೇಲೆ, 11ರಿಂದ 3ರೊಳಗೆ, ಗಾಳಿ ಆಡುವ ಜಾಗದಲ್ಲಿ ಮಾಡಿ. ಹೈವೇ, ಒಲೆ ಹೊಗೆ, ಇಟ್ಟಿಗೆ ಗೂಡು ದೂರ ಇರಲಿ. ನೆರಳಿನಲ್ಲಿ ಇಟ್ಟು, ಇಪ್ಪತ್ತು ನಿಮಿಷ ಹಾಗೇ ಬಿಟ್ಟು, ಆಮೇಲೆ ಗುಂಡಿ ಒತ್ತಿ. ಮುಖ ದೂರ ಇಟ್ಟುಕೊಳ್ಳಿ. ನಮ್ಮ ಉಸಿರಿನಲ್ಲಿ 40,000 ಪಿಪಿಎಂ ಇರುತ್ತದೆ, ಒಂದು ಉಸಿರು ತಾಗಿದರೂ ಕೆಲಸ ಕೆಟ್ಟಿತು.

ಇಷ್ಟಾದರೂ ಎರಡು ವಾರಕ್ಕೆ ಮತ್ತೆ ಲೆಕ್ಕ ತಪ್ಪುತ್ತಿದೆಯೇ? ಹಾಗಾದರೆ ತಂತಾನೇ ಕ್ಯಾಲಿಬ್ರೇಟ್ ಮಾಡಿಕೊಳ್ಳುವ ಎಬಿಸಿ ಅನ್ನುವ ಸೌಲಭ್ಯ ಆನ್ ಇದೆ. ಇದು ಆಫೀಸು, ಮನೆಗೆ ಅಂತ ಮಾಡಿದ್ದು. "ದಿನದಲ್ಲಿ ಅಥವಾ ವಾರದಲ್ಲಿ ಒಮ್ಮೆಯಾದರೂ ಕೋಣೆ ಖಾಲಿಯಾಗಿ ಹೊರಗಿನ ಗಾಳಿಯಷ್ಟಕ್ಕೆ ಇಳಿಯುತ್ತದೆ" ಅನ್ನುವುದು ಅದರ ನಂಬಿಕೆ. ಆ ಅವಧಿಯಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು 400 ಅಂತ ಹೆಸರಿಟ್ಟುಬಿಡುತ್ತದೆ. ನಮ್ಮ ಕೋಣೆ ಯಾವತ್ತೂ 700ಕ್ಕಿಂತ ಇಳಿಯದಿದ್ದರೆ ಆ 700 ಅದಕ್ಕೆ 400. ಆಮೇಲೆ ಕಂಟ್ರೋಲರಿನಲ್ಲಿ 1000 ಇಟ್ಟರೂ ಒಳಗೆ 1300 ತುಂಬುತ್ತದೆ, ಮೀಟರ್ ಮಾತ್ರ 1000 ಅನ್ನುತ್ತದೆ. ಮುಂದಿನ ಸುತ್ತಿನಲ್ಲಿ ಇನ್ನೂ ಜಾರುತ್ತದೆ. ಗ್ಯಾಸ್ ದಂಡ, ಒಳಗೆ ಹೋಗುವವರಿಗೂ ಒಳ್ಳೆಯದಲ್ಲ. ಇದರ ಉಲ್ಟಾನೂ ಆಗುತ್ತದೆ. ಗ್ಯಾಸ್ ಇಲ್ಲದ ದಿನಗಳಲ್ಲಿ ಗಿಡಗಳೇ 300ಕ್ಕೆ ಎಳೆದಿಟ್ಟರೆ ಸೆನ್ಸರ್ ಅದನ್ನು 400 ಅಂದುಕೊಂಡು ಆಮೇಲೆ ಎಲ್ಲವನ್ನೂ ಜಾಸ್ತಿ ತೋರಿಸುತ್ತದೆ. ಎಂಎಚ್-ಝಡ್19 ಸೆನ್ಸರಿನ ತಯಾರಕರ ಕೈಪಿಡಿಯಲ್ಲೇ, ಗ್ರೀನ್‌ಹೌಸ್, ಫಾರಂಗಳಲ್ಲಿ ಇದನ್ನು ಆಫ್ ಮಾಡಿ ಅಂತ ಬರೆದಿದೆ. ಓದುವವರು ಯಾರು, ಅಲ್ವಾ? ಆಫ್ ಮಾಡಿ, ತಿಂಗಳಿಗೊಮ್ಮೆ ಕೈಯಿಂದಲೇ ಕ್ಯಾಲಿಬ್ರೇಟ್ ಮಾಡಿ.

ಅಂಕಿ 2000 ಅಥವಾ 5000ಕ್ಕೆ ಬಂದು ಅಲ್ಲಾಡದೆ ನಿಂತಿದ್ದರೆ ಅದು ಸೆನ್ಸರಿನ ಕೊನೆಯ ಮಿತಿ. ನಿಜವಾದ ಪ್ರಮಾಣ ಅದಕ್ಕಿಂತ ಎಷ್ಟು ಮೇಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಒಳಗೆ ಹೋಗಬೇಡಿ.

ಬೋರ್‌ವೆಲ್ ನೀರಿನದು ಬೇರೆಯೇ ಕಾಟ. ತೇವಕ್ಕೆ ಅಂತ ಅಲ್ಟ್ರಾಸಾನಿಕ್ ಫಾಗರ್ ಇಟ್ಟು ಅದಕ್ಕೆ ನಮ್ಮ ಗಡಸು ನೀರನ್ನೇ ಹಾಕಿದರೆ, ನೀರು ಆವಿಯಾಗಿ ಅದರಲ್ಲಿದ್ದ ಸುಣ್ಣ ಬಿಳಿ ಪುಡಿಯಾಗಿ ಕೋಣೆ ತುಂಬಾ ಕೂರುತ್ತದೆ. ಎಲೆ ಮೇಲೆ ಕಣ್ಣಿಗೆ ಕಾಣುತ್ತದೆ. ಸೆನ್ಸರಿನ ಬಿಳಿ ಫಿಲ್ಟರ್ ಮೇಲೆ ಕಾಣುವುದಿಲ್ಲ. ಫಿಲ್ಟರ್ ಕಟ್ಟಿಕೊಂಡ ಸೆನ್ಸರ್ ಅಂಕಿ ತೋರಿಸುತ್ತದೆ, ಆದರೆ ಹತ್ತು ನಿಮಿಷ ತಡವಾಗಿ. ಅಷ್ಟರಲ್ಲಿ ಕಂಟ್ರೋಲರ್ ಗ್ಯಾಸ್ ಸುರಿದಿರುತ್ತದೆ. ಮೀಟರ್ ಮೊದಲು ಏರದೆ ಆಮೇಲೆ ಒಮ್ಮೆಲೇ ಮಿತಿ ದಾಟಿ ಹೋಗುವ ಲಕ್ಷಣ ಕಂಡರೆ ಫಿಲ್ಟರ್ ನೋಡಿ. ಫಾಗರಿಗೆ ಆರ್‌ಓ ನೀರು ಅಥವಾ ಮಳೆ ನೀರು ಹಾಕಿ.

ಸೆನ್ಸರ್ ಇಡುವ ಜಾಗ ಗಿಡದ ತಲೆಯ ಮಟ್ಟ. ಪೈಪಿನ ಬಾಯಿಗೆ ಎದುರು ಇಟ್ಟರೆ ಸೊಲೆನಾಯ್ಡ್ ಟಿಕ್ ಟಿಕ್ ಅಂತ ಕ್ಷಣಕ್ಕೊಮ್ಮೆ ತೆರೆದು ಮುಚ್ಚುತ್ತದೆ, ಕೋಣೆಯ ಆ ತುದಿಗೆ ಗ್ಯಾಸ್ ಮುಟ್ಟುವುದೇ ಇಲ್ಲ. ಬಾಗಿಲ ಪಕ್ಕ ಇಟ್ಟರೆ ಇದರ ಉಲ್ಟಾ. ಒಳಗೆ ಒಂದು ಸಣ್ಣ ಫ್ಯಾನ್ ಸದಾ ಓಡುತ್ತಿರಲಿ.

ಸಿಲಿಂಡರ್, ಗೇಜು, ತೂಕ

ಸಿಲಿಂಡರಿನೊಳಗೆ ಇರುವುದು ದ್ರವ. ಅದರ ಮೇಲಿನ ಆವಿಯ ಒತ್ತಡವನ್ನು ಗೇಜು ತೋರಿಸುತ್ತದೆ. ದ್ರವ ಒಂದು ಲೋಟ ಉಳಿದಿದ್ದರೂ ಒತ್ತಡ ಪೂರ್ತಿ ಇರುತ್ತದೆ. ಹಾಗಾಗಿ ಗೇಜು ನೋಡಿ "ಇನ್ನೂ ಫುಲ್ ಇದೆ" ಅನ್ನುವುದು ತಪ್ಪು. ಮುಳ್ಳು ಬೀಳಲು ಶುರುವಾದ ದಿನ ಸಿಲಿಂಡರ್ ಮುಗಿದಿರುತ್ತದೆ.

ಒತ್ತಡ ಬದಲಾಗುವುದು ಬಿಸಿಲಿನಿಂದ. 15 ಡಿಗ್ರಿಯ ಚಳಿಗಾಲದ ಬೆಳಿಗ್ಗೆ 50 ಬಾರ್ ಆಸುಪಾಸು, 25 ಡಿಗ್ರಿಗೆ 64, 30 ಡಿಗ್ರಿಗೆ 72. ನಂದಿ ಬೆಟ್ಟದ ತಪ್ಪಲಲ್ಲಿ ಡಿಸೆಂಬರಿನಲ್ಲಿ ಒಂದೇ ದಿನದೊಳಗೆ ಇಷ್ಟು ಏರಿಳಿತ ಆಗಬಹುದು. ರಾತ್ರಿ 65 ಇತ್ತು, ಬೆಳಿಗ್ಗೆ 50 ಆಗಿದೆ, ಸೋರಿದೆ ಅಂತ ಡೀಲರ್ ಹತ್ತಿರ ಜಗಳಕ್ಕೆ ಹೋಗಬೇಡಿ. 31 ಡಿಗ್ರಿ ದಾಟಿದರೆ ಒಳಗೆ ದ್ರವ, ಆವಿ ಅನ್ನುವ ಭೇದವೇ ಇರುವುದಿಲ್ಲ, ಒತ್ತಡ ಬೇಗ ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ಇಟ್ಟ ಸಿಲಿಂಡರಿನ ಸೇಫ್ಟಿ ಡಿಸ್ಕ್ ಒಡೆದು ಗ್ಯಾಸೆಲ್ಲ ಹೋಗುವುದು ಹೀಗೆಯೇ.

ತೂಕ ಹಾಕುವುದಕ್ಕೆ ಗುಜರಿಯವರು, ಮಂಡಿಯವರು ಬಳಸುವ ಪ್ಲಾಟ್‌ಫಾರಂ ಸ್ಕೇಲ್ ಸಾಕು. ಸಿಲಿಂಡರಿನ ಭುಜದ ಮೇಲೆ ಖಾಲಿ ತೂಕ ಪಂಚ್ ಮಾಡಿರುತ್ತಾರೆ. ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಗ್ಯಾಸ್. ಡೀಲರ್ ಅಂಗಡಿಯಲ್ಲೇ, ಹೊರಡುವ ಮೊದಲು ಒಮ್ಮೆ ತೂಗಿಸಿ. ಅಲ್ಲೇ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೆಯುತ್ತದಾ ಅನ್ನುವ ಪರೀಕ್ಷೆ) ದಿನಾಂಕವನ್ನೂ ನೋಡಿ, ಐದು ವರ್ಷ ದಾಟಿದ್ದರೆ ಬೇರೆ ಕೊಡಿ ಅನ್ನಿ. ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ ತೂಕ ಬರೆದಿಡಿ. ದಿನಕ್ಕೆ 400–500 ಗ್ರಾಂ ಇಳಿದರೆ ಸರಿ. ಲೈಟ್ ಆಫ್ ಇರುವ ರಾತ್ರಿಯಲ್ಲೂ ಇಳಿಯುತ್ತಿದ್ದರೆ ಸೋರಿಕೆ. ಇಳಿಯುತ್ತಲೇ ಇಲ್ಲ, ಆದರೂ ಮೀಟರ್ 1000 ಅನ್ನುತ್ತಿದೆ ಅಂದರೆ ಮೀಟರ್ ಸುಳ್ಳು.

ಸೋರಿಕೆ ಎಲ್ಲಿದೆ ಅಂತ ಹಿಡಿಯಲು ಸೋಪು ನೀರಿಗಿಂತ ಮೊದಲು ಇದನ್ನು ಮಾಡಿ. ಸೊಲೆನಾಯ್ಡ್ ಆಫ್ ಇರಲಿ. ಸಿಲಿಂಡರಿನ ಮೇನ್ ವಾಲ್ವ್ ಪೂರ್ತಿ ಮುಚ್ಚಿ. ರೆಗ್ಯುಲೇಟರಿನ ಗೇಜು ಎಷ್ಟಿದೆ ಅಂತ ಬರೆದು ಒಂದು ಗಂಟೆ ಬಿಡಿ. ಮುಳ್ಳು ಬಿದ್ದರೆ ಸೋರಿಕೆ ವಾಲ್ವಿಗೂ ಸೊಲೆನಾಯ್ಡಿಗೂ ಮಧ್ಯೆ ಇದೆ, ಅಥವಾ ಸೊಲೆನಾಯ್ಡೇ ಮುಚ್ಚುತ್ತಿಲ್ಲ. ಬೀಳದಿದ್ದರೆ ಅಷ್ಟು ಭಾಗ ಚೆನ್ನಾಗಿದೆ. ಆಮೇಲೆ ಪೈಪಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಮೇನ್ ವಾಲ್ವ್ ತೆರೆಯಿರಿ. ಸೊಲೆನಾಯ್ಡ್ ಆಫ್ ಇದ್ದಾಗ ಗುಳ್ಳೆ ಬಂದರೆ ಅದರ ಸೀಟಿನಲ್ಲಿ ಕಸ ಕೂತಿದೆ. ಸಿಲಿಂಡರಿನ ತುಕ್ಕಿನ ಪುಡಿಯೇ ಹೆಚ್ಚಾಗಿ ಈ ಕೆಲಸ ಮಾಡುತ್ತದೆ. ಬಿಚ್ಚಿ ಒರೆಸಿ, ಮುಂದೆ ಒಂದು ಸಣ್ಣ ಜಾಲರಿ ಫಿಲ್ಟರ್ ಹಾಕಿ.

ಸೋಪು ನೀರು ಹಚ್ಚುವಾಗ ವಾಲ್ವಿನ ಹಿಡಿಕೆಯ ಬುಡವನ್ನು ಮರೆಯಬೇಡಿ. ಸಿಲಿಂಡರಿಗೆ ಕೂರುವ ದೊಡ್ಡ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತುವ ಚಾಳಿ ಬಿಡಿ. ಅಲ್ಲಿ ಸೀಲ್ ಆಗುವುದು ವಾಷರಿನಿಂದ, ಥ್ರೆಡ್ಡಿನಿಂದಲ್ಲ. ಪ್ರತಿ ಸಲ ಸಿಲಿಂಡರ್ ಬದಲಿಸುವಾಗ ಹೊಸ ವಾಷರ್ ಹಾಕಿ. ಪೈಪು ಸಿಲಿಕಾನ್ ಬೇಡ, ಅದರ ಗೋಡೆಯ ಮೂಲಕವೇ ಈ ಗ್ಯಾಸ್ ನುಸುಳುತ್ತದೆ. ನ್ಯೂಮ್ಯಾಟಿಕ್ ಅಂಗಡಿಯ ಪಿಯು ಟ್ಯೂಬ್ ಸಾಕು.

ರೆಗ್ಯುಲೇಟರ್ ಮೇಲೆ ಹಿಮ

ರೆಗ್ಯುಲೇಟರ್ ಬೆಳ್ಳಗೆ ಮಂಜು ಹಿಡಿದು ಗ್ಯಾಸ್ ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ. ಒತ್ತಡ ಒಮ್ಮೆಲೇ ಇಳಿದಾಗ ಗ್ಯಾಸ್ ತಣ್ಣಗಾಗುವುದು ಸಹಜ. ಆದರೆ ನಮ್ಮ ಅಳತೆಯ ಕೋಣೆಗೆ ನಿಮಿಷಕ್ಕೆ 2–5 ಲೀಟರ್ ಸಾಕು, ಅಷ್ಟಕ್ಕೆ ಹಿಮ ಕಟ್ಟಬಾರದು. ಕಟ್ಟುತ್ತಿದ್ದರೆ ಫ್ಲೋ ಜಾಸ್ತಿ ಇಟ್ಟಿದ್ದೀರಿ, ಇಲ್ಲವೇ ದ್ರವವೇ ರೆಗ್ಯುಲೇಟರಿಗೆ ಬರುತ್ತಿದೆ. ಸಿಲಿಂಡರ್ ಮಲಗಿಸಿದರೆ ಹಾಗಾಗುತ್ತದೆ. ನೆಟ್ಟಗೆ ನಿಲ್ಲಿಸಿದ್ದರೂ ಆಗುತ್ತಿದ್ದರೆ ಸಿಲಿಂಡರಿನ ಹುಟ್ಟು ವಿಚಾರಿಸಿ. ಬೆಂಕಿ ಆರಿಸುವ ಹಳೇ ಸಿಲಿಂಡರಿನಲ್ಲಿ ತಳದವರೆಗೆ ಕೊಳವೆ ಇರುತ್ತದೆ, ನಿಲ್ಲಿಸಿದರೆ ದ್ರವವೇ ಮೇಲೆ ಬರುತ್ತದೆ. ಅಂಥದ್ದನ್ನು ಗಿಡಕ್ಕೆ ತರಬೇಡಿ.

ಹೀಟರ್ ಬೇಕೇ ಬೇಕು ಅಂದರೆ ಸಿಓಟು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ವೋಲ್ಟೇಜ್ ಓದಿ. ವೆಲ್ಡಿಂಗ್ ಮೆಷಿನ್ನಿನಿಂದ ಕರೆಂಟ್ ಪಡೆಯುವ 36, 42, 110 ವೋಲ್ಟಿನ ಹೀಟರುಗಳೂ ಇವೆ. ಅವನ್ನು ಮನೆಯ 230ಕ್ಕೆ ಚುಚ್ಚಿದರೆ ಸುಟ್ಟು ಹೋಗುತ್ತವೆ.

ಕರೆಂಟಿನ ಕಿತಾಪತಿ

ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಬಿದ್ದಾಗ 230 ವೋಲ್ಟಿನ ಸೊಲೆನಾಯ್ಡ್ ಗುಂಯ್ ಅನ್ನುತ್ತದೆ, ತೆರೆಯುವುದಿಲ್ಲ. ಕೈ ಇಟ್ಟರೆ ಕಾಯಿಲ್ ಸುಡುತ್ತಿರುತ್ತದೆ. ಮಲ್ಟಿಮೀಟರ್ ಹಿಡಿದು ಅದೇ ಹೊತ್ತಿನಲ್ಲಿ ನೋಡಬೇಕು. ಬೆಳಿಗ್ಗೆ ಬಂದು ನೋಡುವ ಎಲೆಕ್ಟ್ರಿಷಿಯನ್ನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. 24 ವೋಲ್ಟ್ ಡಿಸಿ ಕಾಯಿಲ್ ಹಾಕಿ, ಕಡಿಮೆ ವೋಲ್ಟೇಜಿಗೂ ಜಗ್ಗದ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಕೊಟ್ಟರೆ ಈ ತಂಟೆಯೇ ಇಲ್ಲ. ಕಂಟ್ರೋಲರಿನಲ್ಲಿ ಸಾಲಿಡ್ ಸ್ಟೇಟ್ ರಿಲೇ (ಅಲುಗಾಡುವ ಭಾಗ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಇದ್ದರೆ ಉಲ್ಟಾ ದೋಷ ಬರಬಹುದು. ಆಫ್ ಮಾಡಿದರೂ ಅದು ಬಿಡುವ ಚೂರು ಕರೆಂಟಿಗೆ ಸಣ್ಣ ಕಾಯಿಲ್ ಕಚ್ಚಿಕೊಂಡೇ ಇರುತ್ತದೆ. ಅಲ್ಲಿಗೆ ಮಾಮೂಲಿ ರಿಲೇ ಹಾಕಿ.

ಪದೇ ಪದೇ ಕರೆಂಟ್ ಹೋಗಿ ಬರುವ ಕಡೆ ಇನ್ನೊಂದು ದೋಷ ಇದೆ, ಇದನ್ನು ಹಿಡಿಯುವವರು ಕಡಿಮೆ. ಕರೆಂಟ್ ಬಂದ ಮೇಲೆ ಸೆನ್ಸರ್ ಬಿಸಿಯಾಗಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗೆ ಕೆಲವು ಸೆನ್ಸರುಗಳು 400ರ ಸುತ್ತಮುತ್ತ ಸುಮ್ನೆ ಒಂದು ಅಂಕಿ ಕೊಡುತ್ತವೆ. ಕಂಟ್ರೋಲರ್ ಅದನ್ನೇ ನಂಬಿ ವಾಲ್ವ್ ತೆರೆಯುತ್ತದೆ. ಗಂಟೆಯಲ್ಲಿ ಐದು ಸಲ ಕರೆಂಟ್ ಹೋಗಿ ಬಂದರೆ ಐದು ಸಲ ಬೇಡದ ಗ್ಯಾಸ್. ಸೊಲೆನಾಯ್ಡ್ ಲೈನಿಗೆ ಐದು ನಿಮಿಷದ ಆನ್-ಡಿಲೇ ಟೈಮರ್ ಹಾಕಿದರೆ ಮುಗಿಯಿತು. ಮಾಮೂಲಿ ಟೈಮರಿನ ಒಳಗಿನ ಬ್ಯಾಟರಿ ಸತ್ತಿದ್ದರೆ ಪ್ರತಿ ಕರೆಂಟ್ ಕಟ್ಟಿಗೂ ಗಡಿಯಾರ ಹಿಂದೆ ಬೀಳುತ್ತದೆ. ಕೊನೆಗೆ ಕತ್ತಲಲ್ಲಿ ಗ್ಯಾಸ್ ಬಿಡುತ್ತಿರುತ್ತದೆ. ಕತ್ತಲಲ್ಲಿ ಗಿಡಕ್ಕೆ ಅದು ಬೇಡ. ತಂಪು ಅಂತ ರಾತ್ರಿ ಲೈಟ್ ಓಡಿಸುವವರು ಗ್ಯಾಸಿನ ಟೈಮರನ್ನೂ ಲೈಟಿಗೇ ಕಟ್ಟಿ, ಸೂರ್ಯನಿಗಲ್ಲ.

ಕೋಣೆಯೇ ಸೋರಿದರೆ

ರೇಷ್ಮೆ ಹುಳು ಮನೆ ಕಟ್ಟುವುದೇ ಗಾಳಿ ಆಡಲಿ ಅಂತ. ಸೂರಿನ ಕೆಳಗೆ ಸುತ್ತಲೂ ಗವಾಕ್ಷಿ, ನೊಣ ಬರದ ಹಾಗೆ ಜಾಲರಿ. ಹುಳುವಿಗೆ ಅದು ಚೆಂದ, ಸಿಓಟು ನಿಲ್ಲಿಸುವುದಕ್ಕೆ ಆಗದು. ಊದುಬತ್ತಿ ಹಚ್ಚಿ ಬಾಗಿಲ ಸಂದು, ಗವಾಕ್ಷಿ, ಪೈಪು ತೂತುಗಳ ಹತ್ತಿರ ಹಿಡಿಯಿರಿ, ಹೊಗೆ ಎತ್ತ ಎಳೆಯುತ್ತದೆ ಅಂತ ಕಾಣುತ್ತದೆ.

ಸಂಖ್ಯೆಯೇ ಬೇಕಿದ್ದರೆ ಗಿಡ ಕತ್ತಲಲ್ಲಿ ಇದ್ದಾಗ, ಯಾರೂ ಒಳಗಿಲ್ಲದಾಗ ಕೋಣೆಯನ್ನು 1200ಕ್ಕೆ ಏರಿಸಿ ಗ್ಯಾಸ್ ನಿಲ್ಲಿಸಿ. ಹೊರಗಿನ 425ಕ್ಕಿಂತ ಮೇಲೆ ಇರುವುದು 775. ಅದು ಅರ್ಧವಾಗಿ ಮೀಟರ್ 810ರ ಹತ್ತಿರ ಬರಲು ಎಷ್ಟು ಹೊತ್ತು ಹಿಡಿಯಿತು ನೋಡಿ. 40 ನಿಮಿಷ ಹಿಡಿದರೆ ಗಂಟೆಗೆ ಒಂದು ಸಲ ಗಾಳಿ ಬದಲಾಗುತ್ತಿದೆ, ಪರವಾಗಿಲ್ಲ. 20 ನಿಮಿಷ ಆದರೆ ಎರಡು ಸಲ. 4 ನಿಮಿಷಕ್ಕೇ ಬಂದರೆ ಹತ್ತು ಸಲ, ಮೊದಲು ಮೇಸ್ತ್ರಿ ಕರೆಸಿ. ಕತ್ತಲಲ್ಲಿ ಗಿಡಗಳೂ ಸ್ವಲ್ಪ ಸಿಓಟು ಬಿಡುವುದರಿಂದ ನಿಜವಾದ ಸೋರಿಕೆ ಇದಕ್ಕಿಂತ ತುಸು ಜಾಸ್ತಿಯೇ ಇರುತ್ತದೆ.

ಎಕ್ಸಾಸ್ಟ್ ಓಡುವಾಗ ಸೊಲೆನಾಯ್ಡಿಗೆ ಕರೆಂಟ್ ಹೋಗದ ಹಾಗೆ ಇಂಟರ್‌ಲಾಕ್ ಮಾಡಿಸಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಅದರ ಮೇಲೆ ಅನುಮಾನ ಬೇಡ. ನೀರಿನ ಏರ್ ಕೂಲರ್ ಹಾಗಲ್ಲ. ಹೊರಗಿನ ಗಾಳಿಯನ್ನು ನೂಕುವುದೇ ಅದರ ಕೆಲಸ. ಕೂಲರ್ ಓಡಿಸುತ್ತಾ ಸಿಓಟು ಬಿಡುವುದು ದುಡ್ಡನ್ನು ಕಿಟಕಿಯಿಂದ ಎಸೆದಂತೆಯೇ. ಬೇಸಿಗೆಯಲ್ಲಿ ಎರಡರಲ್ಲಿ ಒಂದನ್ನು ಬಿಡಬೇಕು.

ಸಿಲಿಂಡರ್ ದುಬಾರಿ ಅಂತ ಎಲ್‌ಪಿಜಿ ಬರ್ನರ್ ಹಚ್ಚುವವರಿಗೆ ಒಂದು ಮಾತು. ಒಂದು ಕೆಜಿ ಎಲ್‌ಪಿಜಿ ಉರಿದರೆ 3 ಕೆಜಿ ಸಿಓಟು ಬರುತ್ತದೆ, ನಿಜ. ಜೊತೆಗೆ ಒಂದೂವರೆ ಕೆಜಿ ನೀರಿನಾವಿ, ವಿಪರೀತ ಶಾಖ, ಉರಿ ಸರಿಯಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್, ಎಥಿಲೀನ್. ಕೋಲಾರದ ಕಡೆ ಟೊಮೆಟೊ ಸಸಿ ಮಾಡುವವರು ಇದನ್ನು ಎಲೆಯಲ್ಲೇ ಓದಬಹುದು. ನೀರು ಸಾಕಷ್ಟಿದ್ದರೂ ಎಲೆಯ ತೊಟ್ಟು ಕೆಳಕ್ಕೆ ಬಾಗಿ ಜೋತುಬಿದ್ದರೆ ಎಥಿಲೀನ್ ಇದೆ ಅಂತ ಅನುಮಾನಿಸಿ. ಕಾರ್ಬನ್ ಮಾನಾಕ್ಸೈಡ್ ಮನುಷ್ಯರನ್ನು ಕೊಲ್ಲುತ್ತದೆ. ಚಿಕ್ಕ ಮುಚ್ಚಿದ ಕೋಣೆಗೆ ಬರ್ನರ್ ಬೇಡ.

ಎಲ್ಲ ಸರಿ, ಗಿಡ ಮಾತ್ರ ಏಳುತ್ತಿಲ್ಲ

ತೂಕ ಸರಿ ಇಳಿಯುತ್ತಿದೆ, ಮೀಟರ್ ಸರಿ ಇದೆ, ಕೋಣೆ ಸೋರುತ್ತಿಲ್ಲ. ಹಾಗಾದರೆ ದೋಷ ಸಾಮಾನಿನಲ್ಲಿಲ್ಲ. ಮೊದಲು ಬೆಳಕು ನೋಡಿ. ಬೆಳಕು ಕಡಿಮೆಯಿದ್ದರೆ ಸಿಓಟು ಎಷ್ಟು ಸುರಿದರೂ ಗಿಡ ಅದನ್ನು ಬಳಸಲಾರದು. ನನ್ನ ಕೇಳಿದರೆ, ಮೊದಲ ದುಡ್ಡು ಲೈಟಿಗೆ, ಆಮೇಲೆ ಸಿಲಿಂಡರಿಗೆ. 800–1000ಕ್ಕಿಂತ ಮೇಲೆ ಹೋಗಿ ಸಿಗುವ ಲಾಭವೂ ಕಡಿಮೆ, 1500 ದಾಟಿದರೆ ಏನೂ ಇಲ್ಲ.

ಲೆಟ್ಯೂಸ್ ಬೇಗ ಬೆಳೆಯಿತು, ಆದರೆ ಒಳಗಿನ ಎಳೆ ಎಲೆಗಳ ಅಂಚು ಕಂದಾಗಿ ಸುಟ್ಟಿದೆ. ಇದು ಗ್ಯಾಸಿನ ವಿಷ ಅಲ್ಲ. ಬೆಳವಣಿಗೆಯ ವೇಗಕ್ಕೆ ಕ್ಯಾಲ್ಸಿಯಂ ಒಳಗಿನ ಎಲೆಗೆ ತಲುಪುತ್ತಿಲ್ಲ. ತೇವ ಜಾಸ್ತಿಯಿದ್ದು ಗಾಳಿ ಅಲುಗಾಡದ ಕೋಣೆಯಲ್ಲಿ ಹೀಗಾಗುತ್ತದೆ. ಗಿಡದ ತಲೆ ಮೇಲೆ ಫ್ಯಾನ್ ಗಾಳಿ ಬೀಳಲಿ, ಸಿಓಟು 700ಕ್ಕೆ ಇಳಿಸಿ ನೋಡಿ.

ಮೈಕ್ರೋಗ್ರೀನ್ ಬೆಳೆಯುವವರಿಗೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಹತ್ತು ದಿನದ ಆ ಸಸಿ ಬಹುಪಾಲು ಬೀಜದೊಳಗಿನ ಆಹಾರದಲ್ಲೇ ಬದುಕುತ್ತದೆ. ಇನ್ನು ಟ್ರೇ ತುಂಬ ದಂಟಿನ ಸೊಪ್ಪು ಹಾಕಿ ಸಿಓಟು ಬಿಡುತ್ತಿರುವವರೂ ಇದ್ದಾರೆ. ದಂಟು, ರಾಗಿ, ಜೋಳ, ಕಬ್ಬು ಇವೆಲ್ಲ ಸಿ4 ಜಾತಿ. ಎಲೆಯೊಳಗೇ ಸಿಓಟು ಒಟ್ಟುಮಾಡಿಕೊಳ್ಳುವ ಏರ್ಪಾಡು ಅವಕ್ಕೆ ಹುಟ್ಟಿನಿಂದಲೇ ಇದೆ, ಹೊರಗಿನಿಂದ ಕೊಟ್ಟರೆ ಹೆಚ್ಚೇನೂ ಏಳುವುದಿಲ್ಲ. ಪಾಲಕ್, ಮೆಂತ್ಯ, ಕೊತ್ತಂಬರಿ, ಲೆಟ್ಯೂಸ್ ಆದರೆ ಬೇರೆ ಮಾತು. ನಿಮ್ಮ ಕೋಣೆಯಲ್ಲಿ ಇರುವುದು ಬರೀ ದಂಟು ಅಂದರೆ, ಸಿಲಿಂಡರ್ ವಾಪಸ್ ಕೊಟ್ಟು ಡೆಪಾಸಿಟ್ ಇಸ್ಕೊಂಡು ಬನ್ನಿ.